ಅಸಮಾನತೆಯೇ, ತಾರತಮ್ಯವೇ, ವೈಷಮ್ಯವೇ: ಎಲ್ಲಿ ಯಾವ ಪದ ಸಲ್ಲುತ್ತದೆ

ಕೆಲವು ವರ್ಷಗಳ ಹಿಂದೆ ಕೃಷಿಕೂಲಿ ಮಹಿಳೆಯರ ಕುರಿತ ವರದಿಯೊಂದರ ಕರಡನ್ನು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿತ್ತು. ‘ಕೂಲಿಯಲ್ಲಿ ಹೆಣ್ಣಾಳುಗಳಿಗೆ ತಾರತಮ್ಯ ಮಾಡಲಾಗುತ್ತಿದೆ’ ಎಂಬ ವಾಕ್ಯ ಅದರಲ್ಲಿ ಮತ್ತೆ ಮತ್ತೆ ಬರುತ್ತಿತ್ತು. ಪುನರುಕ್ತಿ ತಪ್ಪಲಿ ಎಂದು ನಾನು ಎರಡು ಮೂರು ಕಡೆ ಅದನ್ನು ‘ಕೂಲಿಯಲ್ಲಿ ಅಸಮಾನತೆ ಇದೆ’ ಎಂದು ಬದಲಿಸಿದೆ. ಮುಂದೆ ಆ ಕರಡನ್ನು ಊರಿನ ಜಗಲಿಯಲ್ಲಿ ಕುಳಿತು ಅದೇ ಮಹಿಳೆಯರಿಗೆ ಓದಿ ಹೇಳಿದಾಗ, ಕುಡುಗೋಲನ್ನು ಪಕ್ಕದಲ್ಲಿಟ್ಟುಕೊಂಡು ಕೇಳುತ್ತಿದ್ದ ಹಿರಿಯ ಹೆಂಗಸೊಬ್ಬರು ನಡುವೆಯೇ ತಡೆದು, ‘ಐತೆ ಅಂದ್ರೆ ಹೆಂಗಪ್ಪಾ? ಅದೇನು ತಾನಾಗೇ ಬಂದು ಕುಂತೈತಾ? ಕೊಡೋರು ಕಮ್ಮಿ ಕೊಡ್ತಾರೆ, ಹಂಗಂತ ಬರಿ’ ಎಂದರು. ನಾನು ಸಮಾನಾರ್ಥಕವೆಂದು ಭಾವಿಸಿದ್ದ ಎರಡು ಪದಗಳ ನಡುವೆ ಒಬ್ಬ ಮನುಷ್ಯನೇ ಕಾಣೆಯಾಗಿದ್ದ. ಕೂಲಿ ಕೊಡುವ ಮನುಷ್ಯ.

ಅಸಮಾನತೆಯನ್ನು ಹೇಳಲು ಕನ್ನಡದಲ್ಲಿ ಹತ್ತಾರು ಪದಗಳಿವೆ. ಅಸಮಾನತೆ, ಅಸಮತೆ, ವಿಷಮತೆ, ವೈಷಮ್ಯ, ತಾರತಮ್ಯ, ಭೇದ, ಪಂಕ್ತಿಭೇದ, ಅಸಮತೋಲನ, ಅಂತರ, ಮೇಲುಕೀಳು, ಏರುಪೇರು ಎಂದು ಪಟ್ಟಿ ಬೆಳೆಯುತ್ತದೆ. ನಿಘಂಟುಗಳು ಇವುಗಳಲ್ಲಿ ಒಂದನ್ನು ಹೇಳಿ ಇನ್ನೊಂದನ್ನು ಅದರ ಅರ್ಥವೆಂದು ಕೊಡುವುದರಿಂದ, ಬರೆಯುವವರು ಕಿವಿಗೆ ಹಿತವಾದದ್ದನ್ನು ಆರಿಸಿಕೊಂಡು ಮುಂದೆ ಹೋಗುತ್ತಾರೆ. ಈ ಪದಗಳ ಹುಟ್ಟನ್ನೂ ಬಳಕೆಯನ್ನೂ ಒಂದಕ್ಕೊಂದು ಹೋಲಿಸಿ, ಬರೆಯುವಾಗ ಯಾವುದನ್ನು ಎಲ್ಲಿ ಆರಿಸಬೇಕು ಎಂಬುದಕ್ಕೆ ಒಂದು ದಾರಿ ತೋರಿಸುವುದು ಈ ಬರಹದ ಉದ್ದೇಶ.

ಮೊದಲು ನೋಡಬೇಕಾದದ್ದು ಕ್ರಿಯಾಪದವನ್ನು

ಪದದ ಅರ್ಥ ನಿಘಂಟಿನಲ್ಲಿ ಸಿಗುವುದಕ್ಕಿಂತ ನಿಚ್ಚಳವಾಗಿ ಅದು ಜೊತೆ ಮಾಡಿಕೊಳ್ಳುವ ಕ್ರಿಯಾಪದದಲ್ಲಿ ಸಿಗುತ್ತದೆ. ‘ಅಸಮಾನತೆ ಇದೆ’, ‘ಅಸಮಾನತೆ ಹೆಚ್ಚಿದೆ’, ‘ಅಸಮಾನತೆ ತಗ್ಗಿದೆ’ ಎನ್ನುತ್ತೇವೆ. ‘ಅಸಮಾನತೆ ಮಾಡಿದನು’ ಎಂದರೆ ಯಾವ ಕನ್ನಡಿಗನ ಕಿವಿಗೂ ಒಗ್ಗುವುದಿಲ್ಲ. ‘ತಾರತಮ್ಯ ಮಾಡಿದನು’ ಎಂಬುದು ಸಹಜವಾದ ಮಾತು, ‘ಭೇದ ಮಾಡಿದನು’, ‘ಭೇದ ಎಣಿಸಿದನು’ ಎಂಬುವೂ ಹಾಗೆಯೇ. ವೈಷಮ್ಯ ‘ಬೆಳೆಯುತ್ತದೆ’, ಅದನ್ನು ಜನ ‘ಕಟ್ಟಿಕೊಳ್ಳುತ್ತಾರೆ’. ಏರುಪೇರು ‘ಆಗುತ್ತದೆ’. ಅಂತರ ‘ಹಿಗ್ಗುತ್ತದೆ, ಕುಗ್ಗುತ್ತದೆ’.

ಹೀಗಾಗಿ ಅಸಮಾನತೆ ಒಂದು ಸ್ಥಿತಿ. ತಾರತಮ್ಯ ಒಂದು ಕೃತ್ಯ. ಸ್ಥಿತಿಗೆ ಕಾರಣಗಳಿರುತ್ತವೆ, ಕೃತ್ಯಕ್ಕೆ ಕರ್ತೃವಿರುತ್ತಾನೆ. ಕೃತ್ಯ ನಡೆದ ಕಡೆ ಸ್ಥಿತಿಯ ಪದವನ್ನು ಬರೆದರೆ ಮಾಡಿದವನು ಮರೆಯಾಗುತ್ತಾನೆ. ಕೇವಲ ಸ್ಥಿತಿಯಿರುವ ಕಡೆ ಕೃತ್ಯದ ಪದವನ್ನು ಬರೆದರೆ ಪುರಾವೆಯಿಲ್ಲದೆ ಯಾರನ್ನೋ ದೂರಿದಂತಾಗುತ್ತದೆ. ನನ್ನ ಮಟ್ಟಿಗೆ ಪದದ ಆಯ್ಕೆಯಲ್ಲಿ ಇದೇ ಮೊದಲನೆಯ ಪ್ರಶ್ನೆ, ಶೈಲಿಯ ಪ್ರಶ್ನೆ ಆಮೇಲಿನದು.

ಅಸಮಾನತೆ, ಅಸಮತೆ

ಸಂಸ್ಕೃತದ ‘ಸಮಾನ’ ಶಬ್ದದ ಹಿಂದೆ ನಿಷೇಧದ ‘ಅ’ ಸೇರಿ, ಮುಂದೆ ಭಾವವಾಚಕದ ‘ತಾ’ ಸೇರಿ ಹುಟ್ಟಿದ ‘ಅಸಮಾನತಾ’ ಕನ್ನಡಕ್ಕೆ ಬರುವಾಗ, ಮಾಲಾ ಶಬ್ದವು ಮಾಲೆಯಾದ ಹಾಗೆ, ಸೀತಾ ಎಂಬುದು ಸೀತೆಯಾದ ಹಾಗೆ, ‘ಅಸಮಾನತೆ’ ಎಂದಾಗಿದೆ. ಪದದ ಕಟ್ಟು ಇಷ್ಟು ಸರಳವಾಗಿದ್ದರೂ ಅದರೊಳಗೆ ಒಂದು ಕವಲು ಇದೆ. ‘ಅಸಮಾನ’ ಎಂಬುದನ್ನು ‘ಸಮಾನವಲ್ಲದ್ದು’ ಎಂದು ನಞ್ ತತ್ಪುರುಷವಾಗಿ ಬಿಡಿಸಬಹುದು. ‘ಯಾವುದಕ್ಕೆ ಸಮಾನವಾದದ್ದು ಇಲ್ಲವೋ ಅದು’ ಎಂದು ಬಹುವ್ರೀಹಿಯಾಗಿಯೂ ಬಿಡಿಸಬಹುದು. ‘ಅಸಮಾನ ಹಂಚಿಕೆ’ ಎಂದಾಗ ಮೊದಲನೆಯದು, ‘ಅಸಮಾನ ಶೌರ್ಯ’ ಎಂದಾಗ ಎರಡನೆಯದು. ಒಂದು ಕೊರತೆ, ಇನ್ನೊಂದು ಹೊಗಳಿಕೆ. ಆದ್ದರಿಂದ ‘ಅಸಮಾನ ವ್ಯಕ್ತಿಗಳು’ ಎಂದು ಬರೆಯುವಾಗ ಎಚ್ಚರ ಬೇಕು. ಓದುಗ ಅದನ್ನು ಸರಿಸಾಟಿಯಿಲ್ಲದವರು ಎಂದು ತಿಳಿಯುವ ಸಾಧ್ಯತೆ ಇದ್ದೇ ಇರುತ್ತದೆ. ‘ತೆ’ ಸೇರಿದ ಮೇಲೆ ಈ ಗೊಂದಲ ಉಳಿಯುವುದಿಲ್ಲ. ಇದರ ಜೊತೆಗೇ ‘ಅಸಮಾನ್ಯ ಪ್ರತಿಭೆ’ ಎಂಬ ತಪ್ಪು ರೂಪ ಅಲ್ಲಲ್ಲಿ ಕಾಣಿಸಿಕೊಳ್ಳುತ್ತದೆ. ಅಲ್ಲಿ ಬೇಕಾದದ್ದು ‘ಅಸಾಮಾನ್ಯ’. ಅದು ಸಾಮಾನ್ಯ ಎಂಬುದರ ನಿಷೇಧವೇ ಹೊರತು ಸಮಾನ ಎಂಬುದರದ್ದಲ್ಲ.

ಅಸಮಾನತೆ ಇಂದು ಅರ್ಥಶಾಸ್ತ್ರ, ಸಮಾಜಶಾಸ್ತ್ರ, ಆಡಳಿತ, ಪತ್ರಿಕೆ ಎಲ್ಲ ಕಡೆಯೂ ನೆಲೆನಿಂತ ಪದ. ಆದಾಯ, ಆಸ್ತಿ, ಶಿಕ್ಷಣ, ಆರೋಗ್ಯ ಇವು ಸಮಾಜದಲ್ಲಿ ಹೇಗೆ ಹಂಚಿಹೋಗಿವೆ ಎಂಬ ಒಟ್ಟು ಚಿತ್ರವನ್ನು ಹೇಳಬೇಕಾದಾಗ ಇದಕ್ಕಿಂತ ಸರಿಯಾದ ಪದ ನಮ್ಮಲ್ಲಿಲ್ಲ. ಕೊರಾಡೊ ಗಿನಿ ಎಂಬ ಇಟಲಿಯ ಸಂಖ್ಯಾಶಾಸ್ತ್ರಜ್ಞ 1912ರಲ್ಲಿ ರೂಪಿಸಿದ ಗುಣಾಂಕ ಅಳೆಯುವುದು ಇದನ್ನೇ: ಎಲ್ಲರ ಆದಾಯವೂ ಒಂದೇ ಆಗಿದ್ದರೆ ಸೊನ್ನೆ, ಇಡೀ ಆದಾಯ ಒಬ್ಬನ ಕೈಯಲ್ಲೇ ಇದ್ದರೆ ಒಂದು. ಆ ಸಂಖ್ಯೆ ಯಾರನ್ನೂ ಬೆರಳು ಮಾಡಿ ತೋರಿಸುವುದಿಲ್ಲ. ಅಳತೆಯ ಉಪಕರಣಕ್ಕೆ ಅದು ತಕ್ಕ ಗುಣ, ಹಾಗಾಗಿ ಅದಕ್ಕೆ ಜೊತೆಯಾಗುವ ಪದವೂ ಅಸಮಾನತೆಯೇ ಆಗಿರಬೇಕು. ‘ಆದಾಯ ತಾರತಮ್ಯದ ಗುಣಾಂಕ’ ಎಂದು ಬರೆಯುವುದು ತಪ್ಪು.

ಅಸಮತೆಯನ್ನು ನಾನು ಗಣಿತಕ್ಕೆ ಬಿಟ್ಟುಕೊಡುತ್ತೇನೆ. ಒಂದು ರಾಶಿ ಇನ್ನೊಂದಕ್ಕಿಂತ ಹೆಚ್ಚು ಅಥವಾ ಕಡಿಮೆ ಎಂದಷ್ಟೇ ಹೇಳುವಲ್ಲಿ ಆ ಚಿಕ್ಕ ಪದ ಸಾಕು.

ತಾರತಮ್ಯ

ಈ ಗುಂಪಿನಲ್ಲಿ ಅತಿ ದೂರ ಪಯಣಿಸಿ ಬಂದ ಪದ ಇದು. ಸಂಸ್ಕೃತ ವ್ಯಾಕರಣದಲ್ಲಿ ಎರಡರಲ್ಲಿ ಹೆಚ್ಚಿನದನ್ನು ಹೇಳಲು ‘ತರ’, ಹಲವರಲ್ಲಿ ಎಲ್ಲಕ್ಕಿಂತ ಹೆಚ್ಚಿನದನ್ನು ಹೇಳಲು ‘ತಮ’ ಎಂಬ ಪ್ರತ್ಯಯಗಳಿವೆ. ಉಚ್ಚತರ, ಉಚ್ಚತಮ ಎಂಬಂತೆ. ಈ ಎರಡು ಪ್ರತ್ಯಯಗಳನ್ನೇ ಜೋಡಿಸಿ ‘ತರತಮ’ ಎಂದು ಮಾಡಿ, ಅದರ ಭಾವವೆಂಬ ಅರ್ಥದಲ್ಲಿ ‘ತಾರತಮ್ಯ’ ಎಂದು ಕಟ್ಟಿದ್ದಾರೆ. ಬೇರೆ ಪದಗಳ ಬಾಲಕ್ಕೆ ಅಂಟಿಕೊಂಡಿದ್ದ ಪ್ರತ್ಯಯಗಳೇ ಸ್ವತಂತ್ರ ಪದವಾಗಿ ಎದ್ದು ನಿಂತದ್ದು ಭಾಷೆಯಲ್ಲಿ ಅಪರೂಪದ ಸಂಗತಿ. ಹೀಗೆ ಹುಟ್ಟಿದ ಪದದ ಮೂಲಾರ್ಥ ಮೆಟ್ಟಿಲು: ಒಂದರ ಮೇಲೊಂದಾಗಿ ಇರುವ ಕ್ರಮ. ಅದರಲ್ಲಿ ದೂರಾಗಲಿ ಆಪಾದನೆಯಾಗಲಿ ಇರಲಿಲ್ಲ.

ಕನ್ನಡ ನಾಡಿನಲ್ಲಿ ಈ ಮೂಲಾರ್ಥ ಬಹುಕಾಲ ಬಾಳಿದ್ದು ಮಧ್ವಾಚಾರ್ಯರ ದ್ವೈತ ಸಿದ್ಧಾಂತದಲ್ಲಿ. ಈಶ್ವರ, ಜೀವ, ಜಡಗಳ ನಡುವಿನ ಐದು ಬಗೆಯ ಭೇದಗಳ ಜೊತೆಗೆ, ದೇವತೆಗಳಲ್ಲೂ ಜೀವರಲ್ಲೂ ಯೋಗ್ಯತೆಯ ಮೆಟ್ಟಿಲುಗಳಿವೆ ಎಂಬುದು ಆ ಮತದ ಪ್ರಮುಖ ತತ್ತ್ವ. ಅದಕ್ಕೆ ತಾರತಮ್ಯವೆಂದೇ ಹೆಸರು. ಮಾನ್ವಿಯ ಜಗನ್ನಾಥದಾಸರ ‘ಹರಿಕಥಾಮೃತಸಾರ’ದಲ್ಲಿ ಬೃಹತ್ತಾರತಮ್ಯ ಸಂಧಿ ಎಂಬ ಭಾಗವೇ ಇದೆ. ಅಲ್ಲಿ ತಾರತಮ್ಯವನ್ನು ತಿಳಿಯುವುದು ಜ್ಞಾನದ ಲಕ್ಷಣ. ಇಂದು ಅದೇ ಪದ ಸರಕಾರಿ ಶಾಲೆಯ ಗೋಡೆಯ ಮೇಲೆ ‘ತಾರತಮ್ಯ ಮಾಡಬೇಡಿ’ ಎಂದು ಬರೆಯಲು ಬಳಕೆಯಾಗುತ್ತಿದೆ. ಮೆಟ್ಟಿಲನ್ನು ವರ್ಣಿಸುತ್ತಿದ್ದ ಪದ ಮೆಟ್ಟಿಲು ಕಟ್ಟುವವನನ್ನು ತಡೆಯುವ ಪದವಾಗಿದೆ. ಹಳೆಯ ಅರ್ಥದ ಎಳೆ ಇನ್ನೂ ಪೂರ್ತಿ ಹರಿದಿಲ್ಲ. ‘ಅವನಿಗೆ ತಾರತಮ್ಯ ಜ್ಞಾನವಿಲ್ಲ’ ಎಂದು ಹಿರಿಯರು ಹೇಳಿದರೆ ಯಾವುದು ದೊಡ್ಡದು, ಯಾವುದು ಚಿಕ್ಕದು ಎಂಬ ವಿವೇಕವಿಲ್ಲ ಎಂದೇ ಅರ್ಥ. ಒಂದೇ ಲೇಖನದಲ್ಲಿ ಈ ಎರಡೂ ಅರ್ಥಗಳನ್ನು ಬೆರೆಸದಿರುವುದು ಒಳ್ಳೆಯದು.

ಗಡಿಭಾಗದ ಕನ್ನಡಿಗರು ಇನ್ನೂ ಒಂದು ಮಾತನ್ನು ನೆನಪಿಡಬೇಕು. ಮಲಯಾಳದಲ್ಲಿ ‘ತಾರತಮ್ಯಂ’ ಎಂದರೆ ಬರಿಯ ಹೋಲಿಕೆ. ತೌಲನಿಕ ಅಧ್ಯಯನಕ್ಕೆ ಅವರು ‘ತಾರತಮ್ಯ ಪಠನಂ’ ಎನ್ನುತ್ತಾರೆ. ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ ಮಲಯಾಳದ ಸುತ್ತೋಲೆಗಳನ್ನು ಕನ್ನಡಕ್ಕೆ ತರುವವರು ಈ ಪದವನ್ನು ಹಾಗೆಯೇ ಇಳಿಸಿದರೆ, ಎರಡು ಶಾಲೆಗಳ ಫಲಿತಾಂಶವನ್ನು ಹೋಲಿಸಿದ ಅಧಿಕಾರಿ ಅವುಗಳ ನಡುವೆ ಪಕ್ಷಪಾತ ಮಾಡಿದಂತೆ ಓದಿಸುತ್ತದೆ. ಬೆಳಗಾವಿಯ ಕಡೆ ಮರಾಠಿಯಲ್ಲಿ ತಾರತಮ್ಯವೆಂದರೆ ವಿವೇಚನೆ, ಇರಬೇಕಾದ ಗುಣ. ಹಿಂದಿಯಲ್ಲಿ ಅದು ಸಾಮಾನ್ಯವಾಗಿ ಕ್ರಮಬದ್ಧತೆ, ಒಂದಕ್ಕೊಂದು ಹೊಂದಿಕೊಂಡಿರುವುದು ಎಂಬ ಅರ್ಥ ಕೊಡುತ್ತದೆ. ತತ್ಸಮ ಪದವಾದ ಮಾತ್ರಕ್ಕೆ ಎಲ್ಲ ಭಾಷೆಗಳಲ್ಲೂ ಒಂದೇ ಅರ್ಥವಿದ್ದೀತು ಎಂದು ನಂಬುವವರು ಎಡವುವುದು ಇಂಥಲ್ಲೇ.

ಈ ಎರಡು ಪದಗಳ ನಡುವಿನ ಗೆರೆಯನ್ನು ಭಾರತದ ಸಂವಿಧಾನ ಬಹಳ ನಿಖರವಾಗಿ ಎಳೆದಿದೆ. 15ನೇ ಅನುಚ್ಛೇದವು ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳಷ್ಟರಿಂದಲೇ ರಾಜ್ಯವು ಯಾವ ನಾಗರಿಕನ ವಿರುದ್ಧವೂ ತಾರತಮ್ಯ ಮಾಡತಕ್ಕದ್ದಲ್ಲ ಎನ್ನುತ್ತದೆ. ಇಲ್ಲಿ ಕರ್ತೃವಿದ್ದಾನೆ, ಕೃತ್ಯವಿದೆ, ನಿಷೇಧವಿದೆ, ಅದು ಉಲ್ಲಂಘನೆಯಾದರೆ ನ್ಯಾಯಾಲಯಕ್ಕೆ ಹೋಗುವ ಹಕ್ಕಿದೆ. 1978ರ 44ನೇ ತಿದ್ದುಪಡಿಯಿಂದ ಸೇರಿದ 38ನೇ ಅನುಚ್ಛೇದದ ಎರಡನೆಯ ಖಂಡವಾದರೋ ಆದಾಯದಲ್ಲಿನ ಅಸಮಾನತೆಗಳನ್ನು ಕನಿಷ್ಠಗೊಳಿಸಲು, ಸ್ಥಾನಮಾನ, ಸೌಲಭ್ಯ ಮತ್ತು ಅವಕಾಶಗಳಲ್ಲಿನ ಅಸಮಾನತೆಗಳನ್ನು ತೊಡೆದುಹಾಕಲು ರಾಜ್ಯವು ಶ್ರಮಿಸಬೇಕು ಎನ್ನುತ್ತದೆ. ಇಲ್ಲಿರುವುದು ನಿಷೇಧವಲ್ಲ, ಹೊಣೆ. ಅಸಮಾನತೆಯನ್ನು ನಿಷೇಧಿಸಲು ಬರುವುದಿಲ್ಲ, ಅದನ್ನು ದುಡಿದು ತಗ್ಗಿಸಬೇಕಾಗುತ್ತದೆ. ಆದಾಯಕ್ಕೆ ‘ಕನಿಷ್ಠಗೊಳಿಸು’, ಸ್ಥಾನಮಾನಕ್ಕೆ ‘ತೊಡೆದುಹಾಕು’ ಎಂದು ಕ್ರಿಯಾಪದಗಳನ್ನು ಬೇರೆ ಮಾಡಿರುವುದನ್ನೂ ಬರೆಯುವವರು ಗಮನಿಸಬೇಕು. ಅನುವಾದದಲ್ಲಿ ಎರಡಕ್ಕೂ ‘ನಿವಾರಣೆ’ ಎಂದು ಬರೆದು ಈ ಸೂಕ್ಷ್ಮವನ್ನು ಕಳೆಯುವುದು ಪದೇ ಪದೇ ಆಗುತ್ತಿರುವ ತಪ್ಪು.

1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣದಲ್ಲಿ ಡಾ. ಬಿ. ಆರ್. ಅಂಬೇಡ್ಕರ್ ಅವರು, ರಾಜಕೀಯದಲ್ಲಿ ಸಮಾನತೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಎಂಬ ವೈರುಧ್ಯದೊಳಕ್ಕೆ ನಾವು ಕಾಲಿಡುತ್ತಿದ್ದೇವೆ ಎಂದು ಎಚ್ಚರಿಸಿದರು. ಭಾರತದ ಸಮಾಜ ನಿಂತಿರುವ ತತ್ತ್ವಕ್ಕೆ ಅವರು ಅಲ್ಲಿ ಕೊಟ್ಟ ಹೆಸರನ್ನು ಕನ್ನಡದಲ್ಲಿ ‘ಶ್ರೇಣೀಕೃತ ಅಸಮಾನತೆ’ ಎಂದು ತಂದಿದ್ದೇವೆ. ಪ್ರತಿ ಮೆಟ್ಟಿಲಿನವನಿಗೂ ತುಳಿಯಲು ಕೆಳಗೊಬ್ಬನಿರುವುದರಿಂದ ಮೆಟ್ಟಿಲನ್ನೇ ಕೆಡವಲು ಎಲ್ಲರೂ ಒಂದಾಗುವುದಿಲ್ಲ ಎಂಬುದು ಅವರ ವಿಚಾರದ ತಿರುಳು. ತಾರತಮ್ಯ ಎಂಬ ಪದದ ಮೂಲಾರ್ಥದಲ್ಲಿದ್ದ ಮೆಟ್ಟಿಲೇ ಇಲ್ಲಿ ಇನ್ನೊಂದು ಹೆಸರಿನಲ್ಲಿ, ಒಪ್ಪಿಗೆಯ ಬದಲು ಪ್ರತಿಭಟನೆಯ ಹೆಸರಿನಲ್ಲಿ ಬಂದಿದೆ ಎಂದು ನನಗೆ ಅನ್ನಿಸುತ್ತದೆ. ಜಾತಿಯ ವ್ಯವಸ್ಥೆಯನ್ನು ಒಟ್ಟಾಗಿ ಕುರಿತು ಬರೆಯುವಾಗ ಬರಿಯ ‘ಅಸಮಾನತೆ’ ಸಾಲದು, ಈ ಪೂರ್ಣ ರೂಪವೇ ಬೇಕು.

ವಿಷಮತೆ, ವೈಷಮ್ಯ

ವಿಷಮ ಎಂಬುದಕ್ಕೂ ವಿಷಕ್ಕೂ ಸಂಬಂಧವಿಲ್ಲ. ‘ವಿ’ ಮತ್ತು ‘ಸಮ’ ಸೇರುವಾಗ, ಅಭಿಷೇಕ, ನಿಷಿದ್ಧ ಎಂಬಲ್ಲಿ ಆಗುವಂತೆ, ಇಕಾರದ ಮುಂದಿನ ಸಕಾರ ಷಕಾರವಾಗಿದೆ, ಅಷ್ಟೆ. ಸಮವಲ್ಲದ್ದು, ಏರುತಗ್ಗಿನದು, ಸರಿಯಲ್ಲದ ಬೆಸ ಸಂಖ್ಯೆಯದು ಎಂಬುವು ಅದರ ಹಳೆಯ ಅರ್ಥಗಳು. ಐದು ಬಾಣಗಳ ಮನ್ಮಥ ವಿಷಮಬಾಣನಾದದ್ದು, ಮೂರು ಕಣ್ಣಿನ ಶಿವ ವಿಷಮಾಕ್ಷನಾದದ್ದು ಹೀಗೆ. ಏರುತಗ್ಗಿನ ದಾರಿ ಕಷ್ಟದ ದಾರಿಯಾದ್ದರಿಂದ ವಿಷಮಕ್ಕೆ ಸಂಕಟದ ಹೊತ್ತು ಎಂಬ ಅರ್ಥವೂ ಬಂತು. ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಕೃಷ್ಣ ಅರ್ಜುನನಿಗೆ ಹೇಳುವ ‘ವಿಷಮೇ ಸಮುಪಸ್ಥಿತಮ್’ ಎಂಬಲ್ಲಿ ಇರುವುದು ಆ ಅರ್ಥ. ಇಂದಿನ ಕನ್ನಡ ಹೆಚ್ಚಾಗಿ ಉಳಿಸಿಕೊಂಡಿರುವುದು ಇದನ್ನೇ: ವಿಷಮ ಪರಿಸ್ಥಿತಿ, ವಿಷಮ ಗಳಿಗೆ, ವಿಷಮಶೀತ ಜ್ವರ. ಜ್ವರದ ಜೊತೆಗೆ ಕೇಳಿ ಕೇಳಿ ಜನ ಅದರಲ್ಲಿ ವಿಷವನ್ನು ಕಂಡಿದ್ದರೆ ಅಚ್ಚರಿಯಿಲ್ಲ.

ವೈಷಮ್ಯ ಇದೇ ಪದದ ಭಾವವಾಚಕ ರೂಪ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ‘ವೈಷಮ್ಯನೈರ್ಘೃಣ್ಯೇ ನ’ ಎಂದು ಆರಂಭವಾಗುವ ಸೂತ್ರವೊಂದಿದೆ. ಒಬ್ಬನನ್ನು ಸುಖದಲ್ಲಿ, ಇನ್ನೊಬ್ಬನನ್ನು ದುಃಖದಲ್ಲಿ ಹುಟ್ಟಿಸಿದ ಈಶ್ವರನಿಗೆ ಪಕ್ಷಪಾತದ ಮತ್ತು ನಿರ್ದಯತೆಯ ದೋಷ ತಟ್ಟುವುದಿಲ್ಲವೇ ಎಂಬ ಪ್ರಶ್ನೆಗೆ ಅದು ಉತ್ತರ. ಆ ಉತ್ತರವನ್ನು ಒಪ್ಪುವುದು ಬಿಡುವುದು ಬೇರೆ ಮಾತು; ವೈಷಮ್ಯವೆಂದರೆ ಒಬ್ಬರಿಗೊಂದು ಬಗೆ ಮಾಡುವುದು ಎಂಬ ಅರ್ಥ ಅಲ್ಲಿ ಸ್ಪಷ್ಟವಾಗಿದೆ. ಇಂದಿನ ಕನ್ನಡದಲ್ಲಿ ಆ ಅರ್ಥ ಹೆಚ್ಚುಕಡಿಮೆ ಅಳಿದುಹೋಗಿದೆ. ‘ಹಳೆಯ ವೈಷಮ್ಯದ ಹಿನ್ನೆಲೆಯಲ್ಲಿ ಕೊಲೆ’ ಎಂದು ದಿನವೂ ಪತ್ರಿಕೆಯಲ್ಲಿ ಓದುವವರಿಗೆ ವೈಷಮ್ಯವೆಂದರೆ ಹಗೆತನ. ಹೀಗಾಗಿ ‘ಸಾಮಾಜಿಕ ವೈಷಮ್ಯ’ ಎಂದು ಬರೆದರೆ ಓದುಗನಿಗೆ ಕಾಣುವುದು ಗುಂಪುಗಳ ಜಗಳವೇ ಹೊರತು ಹಂಚಿಕೆಯ ಅನ್ಯಾಯವಲ್ಲ. ಅಸಮಾನತೆಯ ಅರ್ಥದಲ್ಲಿ ಇದನ್ನು ಇಂದು ಬಳಸಬಾರದು ಎಂದೇ ನನ್ನ ಸಲಹೆ. ಮರಾಠಿ, ಹಿಂದಿಗಳಲ್ಲಿ ‘ವಿಷಮತಾ’ ಚೆನ್ನಾಗಿ ನಡೆಯುವುದರಿಂದ ಆ ಭಾಷೆಗಳಿಂದ ಅನುವಾದಿಸುವವರು ‘ವಿಷಮತೆ’ಯನ್ನು ಉಳಿಸಿಕೊಳ್ಳುತ್ತಾರೆ; ಕನ್ನಡದಲ್ಲಿ ಅದು ತಪ್ಪಲ್ಲ, ಆದರೆ ಅಸಮಾನತೆಯಷ್ಟು ನೇರವಾಗಿ ಮುಟ್ಟುವುದಿಲ್ಲ.

ಅಸಮತೋಲನ ಮತ್ತು ಅಂತರ

ತೋಲನವೆಂದರೆ ತೂಗುವುದು. ಅಸಮತೋಲನ ಎಂದ ಕೂಡಲೇ ತಕ್ಕಡಿಯ ಎರಡು ತಟ್ಟೆಗಳು ಕಣ್ಣಿಗೆ ಬರುತ್ತವೆ. ಒಂದು ಕೆಳಗಿದೆ, ಇನ್ನೊಂದು ಮೇಲಿದೆ, ಹಗುರವಾದ ತಟ್ಟೆಗೆ ಒಂದಿಷ್ಟು ತೂಕ ಹಾಕಿದರೆ ಸರಿಹೋಗುತ್ತದೆ ಎಂಬ ಭಾವ ಪದದೊಳಗೇ ಇದೆ. ಆಡಳಿತಕ್ಕೆ ಈ ಪದ ಪ್ರಿಯವಾದದ್ದು ಇದೇ ಕಾರಣಕ್ಕೆ. ಡಾ. ಡಿ. ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿ ಪ್ರಾದೇಶಿಕ ಅಸಮತೋಲನ ನಿವಾರಣೆಯ ಕುರಿತು 2002ರಲ್ಲಿ ಕೊಟ್ಟ ವರದಿಯು ಕರ್ನಾಟಕದ ಅಂದಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಆ 39ರ ಪೈಕಿ 21 ಗುಲ್ಬರ್ಗಾ ವಿಭಾಗದವು. ವರದಿಯ ಭಾಷೆ ಅಸಮತೋಲನದ ಭಾಷೆ. ಆದರೆ ಅದೇ ಸಂಗತಿಯನ್ನು ಕಲಬುರಗಿ, ರಾಯಚೂರು, ಯಾದಗಿರಿಯ ಹೋರಾಟಗಾರರು ಹೇಳಿದ್ದು ‘ತಾರತಮ್ಯ’ ಎಂದು, ‘ಮಲತಾಯಿ ಧೋರಣೆ’ ಎಂದು. ತಟ್ಟೆ ಹಗುರವಾಗಿದೆ ಎಂದು ಸಮಿತಿ ಅಳೆದು ಹೇಳಿತು. ತೂಗುವ ಕೈ ಯಾವುದು ಎಂದು ಜನ ಕೇಳಿದರು. 2012ರಲ್ಲಿ ಸಂಸತ್ತು ಅಂಗೀಕರಿಸಿದ 98ನೇ ತಿದ್ದುಪಡಿಯಿಂದ, ಆ ಭಾಗಕ್ಕೆ ವಿಶೇಷ ಅವಕಾಶಗಳನ್ನು ಕಲ್ಪಿಸುವ 371ಜೆ ಅನುಚ್ಛೇದ ಬರಲು ಎರಡು ಭಾಷೆಗಳೂ ಬೇಕಾದವು. ಈ ವಿಷಯದಲ್ಲಿ ಬರೆಯುವವರು ವರದಿಯ ಅಂಕಿಗಳನ್ನು ಹೇಳುವಾಗ ಅಸಮತೋಲನವನ್ನೂ, ದಶಕಗಳ ಅನುದಾನ ಮತ್ತು ನೇಮಕಾತಿಗಳ ನಿರ್ಧಾರಗಳನ್ನು ಹೇಳುವಾಗ ತಾರತಮ್ಯವನ್ನೂ ಬಳಸಿದರೆ ಎರಡಕ್ಕೂ ನ್ಯಾಯ ಸಲ್ಲುತ್ತದೆ.

ಅಂತರಕ್ಕೆ ಬೇಕಾದದ್ದು ಎರಡು ಸಂಖ್ಯೆಗಳು. 2011ರ ಜನಗಣತಿಯಲ್ಲಿ ಕರ್ನಾಟಕದ ಪುರುಷರ ಸಾಕ್ಷರತೆ ಶೇಕಡಾ 82.47, ಮಹಿಳೆಯರದ್ದು 68.08, ಹದಿನಾಲ್ಕು ಅಂಶಗಳಿಗೂ ಹೆಚ್ಚಿನ ಇದು ಅಂತರ. ಶಿಕ್ಷಣ, ಆಸ್ತಿ, ಉದ್ಯೋಗಗಳ ಇಂಥ ಹಲವು ಅಂತರಗಳು ಒಂದೇ ದಿಕ್ಕಿಗೆ ವಾಲಿ ನಿಂತಾಗ ಅದು ಲಿಂಗ ಅಸಮಾನತೆ. ಮಗನ ಶಾಲೆಯ ಶುಲ್ಕ ಕಟ್ಟಿ, ತಂಗಿಯನ್ನು ನೋಡಿಕೊಳ್ಳಲೆಂದು ಹಿರಿಮಗಳನ್ನು ಏಳನೆಯ ತರಗತಿಗೇ ಬಿಡಿಸಿದ ಮನೆಯಲ್ಲಿ ನಡೆದದ್ದು ಲಿಂಗ ತಾರತಮ್ಯ. ಒಂದೇ ವಾಸ್ತವವನ್ನು ಮೂರು ದೂರಗಳಿಂದ ನೋಡುವ ಮೂರು ಪದಗಳಿವು. ಏರುಪೇರು ಈ ಸಾಲಿಗೆ ಸೇರುವುದಿಲ್ಲ. ಅದು ಬೆಲೆಗೆ, ಆರೋಗ್ಯಕ್ಕೆ, ಹವೆಗೆ ಸಂಬಂಧಿಸಿದ್ದು, ಬಂದು ಹೋಗುವಂಥದ್ದು.

ಭೇದ, ಪಂಕ್ತಿಭೇದ, ಮೇಲುಕೀಳು

ಭೇದದ ಮೂಲ ಒಡೆಯುವುದು, ಸೀಳುವುದು. ಮಹಾಪ್ರಾಣ ಮೊದಲನೆಯ ಅಕ್ಷರದಲ್ಲಿದೆ. ‘ಬೇಧ’ ಎಂದು ಬರೆಯುವುದು ಎಷ್ಟೇ ವ್ಯಾಪಕವಾಗಿದ್ದರೂ ತಪ್ಪು. ಭೇದ ತಾನಾಗಿಯೇ ಕೆಟ್ಟದ್ದಲ್ಲ. ಕ್ರಿಯಾಭೇದ, ಪಾಠಭೇದ, ಅಭಿಪ್ರಾಯಭೇದ ಎಂಬಲ್ಲಿ ಅದು ವ್ಯತ್ಯಾಸ ಮಾತ್ರ. ಜಾತಿಭೇದ, ವರ್ಣಭೇದ ನೀತಿ ಎಂಬಲ್ಲಿ ಅದಕ್ಕೆ ಅನ್ಯಾಯದ ಅರ್ಥ ಬರುತ್ತದೆ. ಆದ್ದರಿಂದ ಭೇದವನ್ನು ಒಂಟಿಯಾಗಿ ಬಿಡದೆ ಯಾವುದರ ಭೇದ ಎಂಬುದನ್ನು ಜೊತೆಯಲ್ಲೇ ಹೇಳಬೇಕು.

ಪಂಕ್ತಿಭೇದ ನಮ್ಮ ಊಟದ ಮನೆಯಿಂದ ಬಂದದ್ದು. ಇದಕ್ಕೆ ಎರಡು ಅರ್ಥಗಳಿವೆ. ಜಾತಿ ನೋಡಿ ಬೇರೆ ಸಾಲಿನಲ್ಲಿ ಕೂರಿಸುವುದು ಒಂದು. ಒಂದೇ ಸಾಲಿನಲ್ಲಿ ಕೂತವರಿಗೆ ಬೇರೆ ಬೇರೆ ಬಗೆಯಲ್ಲಿ ಬಡಿಸುವುದು ಇನ್ನೊಂದು. ಮದುವೆಯೂಟದಲ್ಲಿ ಹೋಳಿಗೆಯ ಹಿಂದೆಯೇ ತುಪ್ಪದ ಗಿಂಡಿ ಬರುತ್ತದೆ. ಬೀಗರ ಎಲೆಯ ಮೇಲೆ ಅದು ಒಂದು ಗಳಿಗೆ ಹೆಚ್ಚು ಬಾಗಿ, ಹೋಳಿಗೆ ನೆನೆದು ತುಪ್ಪ ಎಲೆಯ ಅಂಚಿಗೆ ಹರಿಯುತ್ತದೆ. ಸಾಲಿನ ತುದಿಯ ಎಲೆಗೆ ಬರುವಷ್ಟರಲ್ಲಿ ನಾಲ್ಕು ಹನಿ ಬಿದ್ದು ಗಿಂಡಿ ನೆಟ್ಟಗಾಗುತ್ತದೆ. ತುದಿಯಲ್ಲಿ ಕೂತವನು ಏನೂ ಹೇಳುವುದಿಲ್ಲ, ಎಲೆಯ ಮೇಲೆಯೇ ಕಣ್ಣಿಟ್ಟು ಹೋಳಿಗೆ ಮುರಿಯುತ್ತಾನೆ. ಆಡುಮಾತಿನಲ್ಲಿ ‘ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ’ ಎನ್ನುವುದು ಇದನ್ನೇ. ಎದುರಿಗೇ ನಡೆಯುವ, ಎಲ್ಲರೂ ನೋಡುವ, ಯಾರೂ ಆಡದ ಇಂಥ ಪಕ್ಷಪಾತಕ್ಕೆ ಪಂಕ್ತಿಭೇದದಷ್ಟು ತಕ್ಕ ಪದ ಇಲ್ಲ. ಕಚೇರಿಯ ಬಡ್ತಿಯ ಬಗ್ಗೆ ಬರೆಯುವಾಗಲೂ ಅದನ್ನು ಧಾರಾಳವಾಗಿ ಬಳಸಬಹುದು.

ಮೇಲುಕೀಳು ಅಚ್ಚಗನ್ನಡದ ಜೋಡಿ. ಗ್ರಾಂಥಿಕ ಬರಹಕ್ಕೆ ಇದು ಒಗ್ಗದೆಂದು ಹಲವರು ಕೈಬಿಡುತ್ತಾರೆ, ನನಗೆ ಅದು ಸರಿ ಕಾಣುವುದಿಲ್ಲ. ಉಳ್ಳವರು ಶಿವಾಲಯ ಮಾಡುವರು, ಬಡವನಾದ ನಾನೇನು ಮಾಡಲಿ ಎಂದು ಬಸವಣ್ಣನವರು ಕೇಳಿದ್ದು ಇಂಥ ಮನೆಮಾತಿನ ಪದದಲ್ಲೇ. ‘ಉಳ್ಳವರು’ ಎಂಬ ಆ ಒಂದು ಪದ ಇಂದಿಗೂ ಆರ್ಥಿಕ ಅಸಮಾನತೆಯ ಚರ್ಚೆಯಲ್ಲಿ ಚಲಾವಣೆಯಲ್ಲಿದೆ. ಮನಸ್ಸಿನೊಳಗಿನ ಎಣಿಕೆಯನ್ನು, ಇನ್ನೂ ಕೃತ್ಯವಾಗದ ಭಾವವನ್ನು ಹೇಳಬೇಕಾದಾಗ ತಾರತಮ್ಯಕ್ಕಿಂತ ‘ಮೇಲುಕೀಳೆಂಬ ಭಾವ’ ಹೆಚ್ಚು ಸರಿಯಾಗಿ ಹೊಂದುತ್ತದೆ.

ಈ ಯಾವ ಪದವೂ ಸಲ್ಲದ ಒಂದು ಜಾಗವಿದೆ. ಊರಿನ ಹೋಟೆಲಿನಲ್ಲಿ ದಲಿತರಿಗೆಂದು ಬೇರೆ ಲೋಟಗಳನ್ನು ಹೊರಗಿನ ಗೂಡಿನಲ್ಲಿಟ್ಟು, ಕುಡಿದವರೇ ತೊಳೆದಿಡಬೇಕೆಂದು ಮಾಡಿರುವುದನ್ನು ಕಂಡು ಬರೆಯುವವರು ‘ಸಾಮಾಜಿಕ ಅಸಮಾನತೆ’ ಎಂದೋ ‘ಜಾತಿ ತಾರತಮ್ಯ’ ಎಂದೋ ಬರೆಯುತ್ತಾರೆ. ಅದು ಅಸ್ಪೃಶ್ಯತೆ. ಸಂವಿಧಾನದ 17ನೇ ಅನುಚ್ಛೇದ ಅದನ್ನು ಆ ಹೆಸರಿನಿಂದಲೇ ರದ್ದುಮಾಡಿದೆ. 1955ರಲ್ಲಿ ಬಂದು 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೆಸರು ಪಡೆದ ಶಾಸನವು, ಹೋಟೆಲಿನಲ್ಲಿ ಸಾರ್ವಜನಿಕರಿಗಾಗಿ ಇಟ್ಟ ಪಾತ್ರೆಗಳನ್ನು ಆ ಕಾರಣಕ್ಕೆ ಬಳಸಗೊಡದಿರುವುದನ್ನು ಶಿಕ್ಷಾರ್ಹ ಅಪರಾಧವೆಂದು ತನ್ನ 4ನೇ ಪ್ರಕರಣದಲ್ಲಿ ಹೇಳಿದೆ. ಸುದ್ದಿಯಾಗಲಿ, ವರದಿಯಾಗಲಿ, ಠಾಣೆಗೆ ಕೊಡುವ ದೂರಾಗಲಿ, ಅಲ್ಲಿ ‘ಅಸ್ಪೃಶ್ಯತೆಯ ಆಚರಣೆ’ ಎಂದೇ ಬರೆಯಬೇಕು. ಲೋಟಗಳನ್ನು ಬೇರೆ ಇಟ್ಟವರು ಯಾರು ಎಂಬುದನ್ನೂ ಅದೇ ವಾಕ್ಯದಲ್ಲಿ ಹೇಳಬೇಕು.